ನಾಲ್ಕು ನಿಮಿಷದ ದುರಸ್ತಿ

ಟವೆಲಿನ ಮೇಲಿನ ಕಂದು ಕಲೆ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದಲ್ಲಿತ್ತು. ಆ ಟವೆಲನ್ನು ಹಾಸಿ ಇಸ್ತ್ರಿ ಮಾಡುವಾಗ ಸುಟ್ಟವಳು ಅವಳೇ. ಹಾಗಾಗಿ ಗುರುತು ಹಿಡಿಯಲು ಎರಡನೇ ಸಲ ನೋಡಬೇಕಾಗಲಿಲ್ಲ. ಕಚೇರಿಯ ಪರದೆಯ ಮೇಲಿದ್ದ ಫೋಟೋದಲ್ಲಿ ಲಿಫ್ಟಿನ ಮೋಟಾರು, ಅದರ ಪಕ್ಕ ಬ್ರೇಕು, ಮೋಟಾರಿನ ಮೇಲೆ ಹಳದಿ ಟವೆಲು. ಕೆಳಗೆ ‘ಬ್ರೇಕ್ ತಪಾಸಣೆ ಮುಗಿದಿದೆ’ ಎಂದಿತ್ತು. ಮುಂದಿನ ಫೋಟೋ ಬೇರೆ ಕಟ್ಟಡದ್ದು, ಬೇರೆ ದಿನದ್ದು. ಅದರಲ್ಲೂ ಅದೇ ಟವೆಲು, ಅದೇ ಮಡಿಕೆ. ಅದರ ಮುಂದಿನದರಲ್ಲೂ.

ಅಂದು ಬುಧವಾರ. ಅವಳ ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎಂಬುದು ಶುಕ್ರವಾರ ಬೆಳಗ್ಗೆ ಹತ್ತಕ್ಕೆ ತೀರ್ಮಾನವಾಗುವುದಿತ್ತು.

ಹನ್ನೊಂದು ವರ್ಷ ಅವಳು ಕಟ್ಟಡದ ಕೆಲಸಗಳಿಗೆ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದಳು. ಹೇಳಿದ ದಿನಕ್ಕೆ ಕೆಲಸ ಮುಗಿಸಿಕೊಡುವವಳೆಂದು ಅವಳಿಗೆ ಹೆಸರಿತ್ತು. ಆರು ತಿಂಗಳ ಹಿಂದೆ ಈ ಸಾಫ್ಟ್‌ವೇರ್ ಕಂಪನಿಗೆ ಪ್ರಾಡಕ್ಟ್ ಮ್ಯಾನೇಜರ್ ಆಗಿ ಬಂದಳು. ಕಂಪನಿ ಮಾಡುವುದು ಒಂದೇ ಆ್ಯಪ್: ಲಿಫ್ಟ್ ಮೆಕ್ಯಾನಿಕ್‌ಗಳು ದಿನದ ಕೆಲಸವನ್ನು ದಾಖಲಿಸುವುದಕ್ಕೆ. ಅದನ್ನು ಕೊಂಡ ಲಿಫ್ಟ್ ದುರಸ್ತಿ ಕಂಪನಿಯಲ್ಲಿ ಅವಳ ಅಣ್ಣ ಇಪ್ಪತ್ತು ವರ್ಷದಿಂದ ಮೆಕ್ಯಾನಿಕ್.

ಮುಖ್ಯ ಎಂಜಿನಿಯರ್ ಮೊದಲ ವಾರದಲ್ಲೇ ಅವಳಿಗೆ ಸಿಮೆಂಟ್ ಮೇಡಂ ಎಂದು ಹೆಸರಿಟ್ಟಿದ್ದ. ಆ ಕುರ್ಚಿಗೆ ತನ್ನ ಕಡೆಯವನೊಬ್ಬನನ್ನು ತರಬೇಕೆಂದಿದ್ದವನು ಅವನು. ಅವಳು ಏನು ಕೇಳಿದರೂ ಅವನ ಉತ್ತರ ಒಂದೇ: “ಇದು ಗೋಡೆ ಅಲ್ಲ ಮೇಡಂ, ಗಾರೆ ಮೆತ್ತಿ ಮುಚ್ಚೋಕೆ.” ಉಳಿದವರು ಪರದೆಯ ಹಿಂದೆ ತಲೆ ತಗ್ಗಿಸಿಕೊಂಡು ನಗುತ್ತಿದ್ದರು.

ಆದರೂ ಅವಳು ಒಂದು ನಿಯಮವನ್ನು ಹಟ ಹಿಡಿದು ಸೇರಿಸಿದ್ದಳು. ಫೋಟೋ ಹಾಕದೆ ಯಾವ ಕೆಲಸವೂ ಆ್ಯಪ್‌ನಲ್ಲಿ ಮುಗಿಯುವುದಿಲ್ಲ. ಕಟ್ಟಡಗಳಲ್ಲಿ ಅವಳು ನಡೆಸಿಕೊಂಡು ಬಂದ ಪದ್ಧತಿ ಅದು. ಆರು ವಾರದಲ್ಲಿ ಅದು ನೂರಕ್ಕೆ ನೂರು ಪಾಲನೆಯಾಗಿತ್ತು. ಶುಕ್ರವಾರಕ್ಕೆ ಅವಳ ಕೈಯಲ್ಲಿದ್ದ ಸಾಧನೆಯೆಂದರೆ ಆ ಒಂದು ಅಂಕಿ.

ಸಂಜೆ ಅಣ್ಣ ಊಟಕ್ಕೆ ಕುಳಿತಾಗ ಅವಳು ಫೋನನ್ನು ತಟ್ಟೆಯ ಪಕ್ಕ ಇಟ್ಟಳು.

“ಇದು ನಿನ್ನ ಟವೆಲ್ ತಾನೇ?”

ಅಣ್ಣ ನೋಡಿದ. ತುತ್ತು ನುಂಗಿದ. “ಹೌದು. ಏನೀಗ?”

“ಹತ್ತೊಂಬತ್ತು ಲಿಫ್ಟಿಗೂ ಒಂದೇ ಫೋಟೋ ಹಾಕಿದೀಯ.”

“ಹಾಕಿದೀನಿ. ಮೋಟಾರು ಕೋಣೇಲಿ ಸಿಗ್ನಲ್ ಇರಲ್ಲ, ನಿನ್ನ ಫೋಟೋ ಹೋಗಲ್ಲ. ಎಣ್ಣೆ ಕೈಲಿ ಫೋನ್ ಹಿಡ್ಕೊಂಡು ಮಹಡಿ ಮಹಡಿ ಸುತ್ತಲಾ? ಸಂಜೆ ಕ್ಯಾಂಟೀನಲ್ಲಿ ಕೂತು ಒಂದರ ಹಿಂದೆ ಒಂದು ಒತ್ತುತೀವಿ. ಶುರು, ಫೋಟೋ, ಮುಗೀತು. ಶುರು, ಫೋಟೋ, ಮುಗೀತು.”

“ಎಲ್ಲರೂನಾ?”

“ಇನ್ನೇನು, ನಾನೊಬ್ಬನೇ ಹುಚ್ಚನಾ?”

“ಬ್ರೇಕ್ ನೋಡ್ದೆ ತಾನೇ? ಅದನ್ನಾದ್ರೂ ಹೇಳು.”

ಅಣ್ಣ ತಟ್ಟೆಯನ್ನು ದೂಡಿದ. “ಇಪ್ಪತ್ತು ವರ್ಷ ಆಯ್ತು, ಒಂದು ಲಿಫ್ಟೂ ನನ್ನ ಕೈಲಿ ಜಾರಿಲ್ಲ. ನೀನು ಬಂದು ಆರು ತಿಂಗಳು. ಬ್ರೇಕ್ ನೋಡ್ದೆನಾ ಅಂತ ನನ್ನನ್ನೇ ಕೇಳ್ತೀಯಾ?”

“ಉಳಿದೋರು ನೋಡಿದ್ರಾ?”

“ಅವರನ್ನೇ ಹೋಗಿ ಕೇಳು. ಮೂಗು ತೂರಿಸೋದು ಹೆಂಗೂ ನಿನಗೆ ಅಭ್ಯಾಸ.”

“ಊಟ ಮಾಡೋ ಕಡೆ ಲಿಫ್ಟ್ ತರಬೇಡಿ ಇಬ್ಬರೂ,” ಎಂದು ಅತ್ತಿಗೆ ಫೋನನ್ನು ಬೋರಲು ಹಾಕಿದಳು. “ತಟ್ಟೆ ಎಳ್ಕೊಳ್ಳಿ. ಇಲ್ಲಾಂದ್ರೆ ಅದರ ಫೋಟೋನೂ ಕೇಳ್ತಾಳೆ.”

ಯಾರೂ ನಗಲಿಲ್ಲ. ಏಳುವ ಮೊದಲು ಅಣ್ಣ ಹೇಳಿದ: “ನೀನು ಬಾಯಿ ಬಿಟ್ರೆ ಒಂಬತ್ತು ಮನೆ ಹೊಟ್ಟೆ ಮೇಲೆ ಹೊಡೆದ ಹಾಗೆ. ಅದನ್ನ ನೆನಪಿಟ್ಕೊ.”

ಗುರುವಾರ ಇಡೀ ದಿನ ಅವಳು ಬ್ರೇಕ್ ತಪಾಸಣೆಯ ಫೋಟೋಗಳನ್ನು ಬೇರ್ಪಡಿಸಿದಳು. ಒಟ್ಟು ಮುನ್ನೂರ ಹನ್ನೆರಡು. ಒಂದರಲ್ಲಿ ಗೋಡೆಯ ಬಿರುಕು, ಒಂದರಲ್ಲಿ ನೀಲಿ ಬಕೆಟ್ಟು, ಒಂದರಲ್ಲಿ ಯಾರದೋ ಚಪ್ಪಲಿಯ ತುದಿ. ಸಂಜೆಯ ಹೊತ್ತಿಗೆ ಲೆಕ್ಕ ಸಿಕ್ಕಿತು. ಮೆಕ್ಯಾನಿಕ್‌ಗಳು ಒಂಬತ್ತು ಮಂದಿ, ಬೇರೆ ಬೇರೆ ಫೋಟೋಗಳೂ ಒಂಬತ್ತೇ. ನಿಜವಾಗಿ ನೋಡಿದ ಬ್ರೇಕೂ ನೋಡದ ಬ್ರೇಕೂ ಪರದೆಯ ಮೇಲೆ ಒಂದೇ ತೆರನಾಗಿದ್ದವು. ಕಟ್ಟಡಗಳಲ್ಲಿ ಫೋಟೋ ನೋಡಿದ ಮೇಲೆ ಅವಳು ತಾನೇ ಮೆಟ್ಟಿಲು ಹತ್ತಿ ಹೋಗಿ ಗೋಡೆ ಮುಟ್ಟಿ ನೋಡುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಒಂದು ಮೋಟಾರು ಕೋಣೆಗೂ ಹತ್ತಿರಲಿಲ್ಲ.

ಶುಕ್ರವಾರ ಹತ್ತಕ್ಕೆ ಕಂಪನಿಯ ನಿರ್ದೇಶಕಿ ಬಂದು ಕುಳಿತರು. ಕಾಯಂ ಪತ್ರ ಅವರ ಮುಂದಿನ ಕಡತದಲ್ಲಿತ್ತು, ಸಹಿಯೊಂದು ಬಾಕಿ. ಮುಖ್ಯ ಎಂಜಿನಿಯರ್ ತನ್ನ ಗ್ರಾಫ್ ತೋರಿಸಿದ: ಆ್ಯಪ್ ಬರುವ ಮೊದಲು ಒಂದು ಕೆಲಸಕ್ಕೆ ಸರಾಸರಿ ನಲವತ್ತು ನಿಮಿಷ, ಈಗ ನಾಲ್ಕು. ಗಿರಾಕಿಗಳಿಗೆ ತೋರಿಸಲು ನಿರ್ದೇಶಕಿ ಎಲ್ಲ ಕಡೆ ಕೊಂಡೊಯ್ಯುತ್ತಿದ್ದ ಗ್ರಾಫ್ ಅದು.

“ಇನ್ನು ಸಿಮೆಂಟ್ ಮೇಡಂ ಸಾಧನೆ,” ಎಂದ ಅವನು. “ನೂರಕ್ಕೆ ನೂರು ಫೋಟೋ. ಆಲ್ಬಂ ಮಾಡಿಸಬಹುದು.”

“ಚೆನ್ನಾಗಿದೆ,” ಎಂದು ನಿರ್ದೇಶಕಿ ಪೆನ್ನಿನ ಕ್ಯಾಪು ತೆಗೆದರು.

“ಚೆನ್ನಾಗಿಲ್ಲ ಮೇಡಂ,” ಎಂದಳು ಅವಳು. “ನನ್ನ ರೂಲು ಕೆಲಸ ಮಾಡಿಲ್ಲ.”

ಒಂಬತ್ತು ಫೋಟೋಗಳನ್ನು ಪರದೆಗೆ ಹಾಕಿ, ಎಣಿಕೆ ಹೇಳಿದಳು.

“ಯಾರಿವರು ಒಂಬತ್ತು ಜನ?” ನಿರ್ದೇಶಕಿಯ ದನಿ ಗಡುಸಾಯಿತು.

“ಹೆಸರು ದಾಖಲೇಲೇ ಇದೆ. ಹಳದಿ ಟವೆಲ್ ನಮ್ಮಣ್ಣಂದು. ಆದ್ರೆ ಸಿಗ್ನಲ್ ಇಲ್ಲದ ಕಡೆ ಫೋಟೋ ಕೇಳಿದ್ದು ನಾನು. ತಪ್ಪು ಬರ್ಕೊಳ್ಳೋದಾದ್ರೆ ಮೊದಲು ನನ್ನ ಹೆಸರು ಬರ್ಕೊಳ್ಳಿ.”

“ಓಹೋ!” ಮುಖ್ಯ ಎಂಜಿನಿಯರ್ ಕುರ್ಚಿಗೆ ಒರಗಿದ. “ತಂಗಿ ರೂಲ್ ಮಾಡೋದು, ಅಣ್ಣ ಕಣ್ಣಿಗೆ ಮಣ್ಣೆರಚೋದು. ಮನೆ ಮಂದಿಯೆಲ್ಲ ಸೇರಿ ನಮ್ಮ ಆ್ಯಪ್ ಮುಳುಗಿಸ್ತಿದೀರಲ್ಲ ಮೇಡಂ.”

“ಯಾವ ಗಂಟೇಲಿ ಎಷ್ಟು ಕೆಲಸ ಮುಗೀತು ಅಂತ ನಿಮ್ಮ ಗ್ರಾಫ್ ತೆಗೀರಿ ಸಾರ್.”

“ಯಾಕೆ?”

“ತೆಗೀರಿ.”

ನಿರ್ದೇಶಕಿ ಅವನತ್ತ ನೋಡಿದರು. ಅವನು ತೆಗೆದ. ದಿನವಿಡೀ ಗೆರೆ ನೆಲಕಚ್ಚಿ ಮಲಗಿತ್ತು. ಸಂಜೆ ಐದೂವರೆಯಿಂದ ಆರರವರೆಗೆ ಮಾತ್ರ ಕಂಬದಂತೆ ಎದ್ದು ನಿಂತಿತ್ತು.

“ಒಬ್ಬ ಮನುಷ್ಯ ಅರ್ಧ ಗಂಟೇಲಿ ಏಳು ಕಟ್ಟಡ ಹತ್ತಿ ಇಳಿಯೋದು ಹೇಗೆ ಸಾರ್? ನಾಲ್ಕು ನಿಮಿಷ ದುರಸ್ತಿಗೆ ಹಿಡಿದದ್ದಲ್ಲ, ಗುಂಡಿ ಒತ್ತೋಕೆ ಹಿಡಿದದ್ದು.”

ಅವನ ಕಿವಿ ಕೆಂಪಾಯಿತು. “ಡೇಟಾ ಬಂದ ಹಾಗೆ ತೋರಿಸೋದು ನನ್ನ ಕೆಲಸ. ಜನ ಸುಳ್ಳು ಒತ್ತಿದ್ರೆ ನಾನೇನು ಮಾಡಲಿ?”

“ಅದನ್ನ ನಾನು ನೋಡ್ಬೇಕಿತ್ತು. ನೋಡಲಿಲ್ಲ.”

ನಿರ್ದೇಶಕಿ ಪೆನ್ನಿಗೆ ಕ್ಯಾಪು ಹಾಕಿದರು. ಈ ಗ್ರಾಫನ್ನು ತಾವು ಎಲ್ಲೆಲ್ಲಿ ತೋರಿಸಿದ್ದೇವೆಂದು ನೆನಪು ಮಾಡಿಕೊಳ್ಳುತ್ತಿರುವಂತೆ ಕಂಡಿತು.

“ಲಿಫ್ಟ್ ಕಂಪನಿಗೆ ಈಗಲೇ ಫೋನ್ ಮಾಡು,” ಎಂದರು ಅವಳಿಗೆ. “ ಎಲ್ಲ ಬ್ರೇಕ್ ಮತ್ತೆ ನೋಡೋವರೆಗೂ ಲಿಫ್ಟ್ ನಿಲ್ಲಿಸಲಿ. ನೀನೇ ಮಾಡು, ಬೈಗುಳನೂ ನೀನೇ ತಿನ್ನು. ಫೋಟೋ ರೂಲು ಇವತ್ತೇ ತೆಗೀಬೇಕು.” ಪತ್ರವನ್ನು ಕಡತದೊಳಕ್ಕೆ ಸರಿಸಿದರು. “ಇದು ಇನ್ನು ಮೂರು ತಿಂಗಳು ಇಲ್ಲೇ ಇರುತ್ತೆ.” ಬಾಗಿಲ ಬಳಿ ತಿರುಗಿ, “ಆ ಗ್ರಾಫ್ ಅಳಿಸಿ,” ಎಂದು ಮುಖ್ಯ ಎಂಜಿನಿಯರ್‌ಗೆ ಹೇಳಿ ಹೋದರು.

ಅವನು ಲ್ಯಾಪ್‌ಟಾಪ್ ಮುಚ್ಚಿದ. “ಮೂರು ತಿಂಗಳು, ಮೇಡಂ. ಒಂದೊಂದು ದಿನಾನೂ ಎಣಿಸ್ತೀನಿ.”

ಸಂಜೆ ಮನೆಯ ಕಟ್ಟಡದಲ್ಲೂ ಲಿಫ್ಟ್ ನಿಂತಿತ್ತು; ಅದೂ ಅಣ್ಣನ ಪಾಲಿನದೇ. ಮೂರನೇ ಮಹಡಿಯ ಹೆಂಗಸು ಸಾಮಾನಿನ ಚೀಲ ಹಿಡಿದು ಮೆಟ್ಟಿಲ ಮೇಲೆ ಕುಳಿತು, ಲಿಫ್ಟ್ ನಿಲ್ಲಿಸಿದವರು ಯಾರೋ ಏನೋ, ಅವರ ಮನೆ ಹಾಳಾಗಲಿ ಎಂದು ಶಪಿಸುತ್ತಿದ್ದಳು. ಅವಳು ಆ ಹೆಂಗಸನ್ನು ದಾಟಿ, ಆರನೇ ಮಹಡಿಯ ತನ್ನ ಮನೆಯನ್ನೂ ದಾಟಿ, ಮೇಲಿನ ಮೋಟಾರು ಕೋಣೆಯ ಕಬ್ಬಿಣದ ಬಾಗಿಲು ತಳ್ಳಿದಳು.

ಅಣ್ಣ ಮೋಟಾರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಟವೆಲು ಹೆಗಲ ಮೇಲಿತ್ತು.

“ಬಂದ್ಯಾ? ನಮ್ಮ ಒಂಬತ್ತು ಜನಕ್ಕೂ ನೋಟಿಸ್ ಬಂದಿದೆ. ಸಮಾಧಾನ ಆಯ್ತಾ?”

“ಇಲ್ಲ.”

“ಫೋಟೋ ತೆಗಿತೀಯಾ?”

“ಆ ರೂಲು ತೆಗೆಸಿದೆ.”

“ಮತ್ತೆ ಯಾಕೆ ಬಂದೆ?”

ಅವಳು ಚೀಲದಿಂದ ನೋಟ್‌ಬುಕ್ ತೆಗೆದು, ಎಣ್ಣೆ ಡಬ್ಬಿಯ ಪಕ್ಕ ನೆಲದ ಮೇಲೆ ಕುಳಿತಳು. ಫೋನ್ ನೋಡಿದಳು. ಸಿಗ್ನಲ್ ಇರಲಿಲ್ಲ. ಆರು ಗಂಟೆ ಹತ್ತು ನಿಮಿಷ ಎಂದು ಬರೆದುಕೊಂಡಳು.

ಅಣ್ಣ ಮೋಟಾರಿನತ್ತ ತಿರುಗಿದ. ಬೋಲ್ಟು ಬಿಚ್ಚಿದ, ಬ್ರೇಕಿನ ಸವೆತ ಅಳೆದ, ಒರೆಸಿದ, ಬಿಗಿದ, ಲಿಫ್ಟನ್ನು ಖಾಲಿ ಓಡಿಸಿ ನಿಲ್ಲಿಸಿದ, ಮತ್ತೆ ಓಡಿಸಿದ. ಅವನು ಸಾಮಾನು ಚೀಲದ ಜಿಪ್ಪು ಎಳೆದಾಗ ಅವಳು ಗಡಿಯಾರ ನೋಡಿದಳು.

“ನಲವತ್ತಮೂರು ನಿಮಿಷ,” ಎನ್ನುತ್ತಾ ಬರೆದುಕೊಂಡಳು.

“ನಲವತ್ತನಾಲ್ಕು,” ಎಂದ ಅಣ್ಣ, ಬೆನ್ನು ತಿರುಗಿಸಿಕೊಂಡೇ. “ಬೀಗ ಹಾಕೋದು ಯಾರು, ನಿನ್ನ ಆ್ಯಪ್ಪಾ?”

ಅವಳು ಮೂರನ್ನು ಹೊಡೆದುಹಾಕಿ ನಾಲ್ಕು ಮಾಡಿದಳು.