ಎಡಬಾಗಿಲಿನ ಗೀರು

ಬೆಳಿಗ್ಗೆ ಏಳಕ್ಕೆ ಪೈಪು ಹಿಡಿದರೆ ಎಂಟರ ಹೊತ್ತಿಗೆ ಬಾಡಿಗೆ ಕಾರಿನ ಆಫೀಸಿನ ಹಿಂದಿನ ಅಂಗಳದಲ್ಲಿ ಹನ್ನೊಂದು ಗಾಡಿಗಳೂ ತೊಳೆದು ನಿಂತಿರುತ್ತಿದ್ದವು. ತೊಳೆಯುವವನು ಬೇರೆ, ನೋಡುವವನು ಬೇರೆ. ನೋಡುವವನು ಗೀರಪ್ಪ. ಹೆತ್ತವರು ಇಟ್ಟ ಹೆಸರು ಅವನ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಗಿರಾಕಿ ಗಾಡಿ ಒಯ್ಯುವ ಮುಂಚೆ ಎಲ್ಲಿ ಗೀರಿದೆ, ಎಲ್ಲಿ ತಗ್ಗಿದೆ ಎಂದು ಕಾರಿನ ಚಿತ್ರವಿರುವ ಹಾಳೆಯ ಮೇಲೆ ಗುರುತು ಹಾಕುವುದು, ವಾಪಸು ತಂದಾಗ ಹೊಸದೇನು ಸೇರಿದೆ ಎಂದು ಹುಡುಕುವುದು ಅವನ ಕೆಲಸ. ಹನ್ನೆರಡು ವರ್ಷ ಇದನ್ನೇ ಮಾಡಿದವನನ್ನು ಜನ ಇನ್ನೇನೆಂದು ಕರೆದಾರು? "ಗೀರಪ್ಪಣ್ಣ ಹೆಣ್ಣು ನೋಡೋಕೆ ಹೋದಾಗಲೂ ಸುತ್ತ ಒಂದು ರೌಂಡು ಹಾಕಿಯೇ ಒಪ್ಪಿದ್ದಂತೆ" ಎಂದು ಕೌಂಟರಿನ ಹುಡುಗಿ ಕಾಲೆಳೆಯುತ್ತಿದ್ದಳು. ಅವನೂ ನಗುತ್ತಿದ್ದ.

ಆ ಹನ್ನೊಂದರಲ್ಲಿ ಬೂದು ಬಣ್ಣದ್ದೊಂದು ಗಾಡಿ. ಅದರ ಎಡಗಡೆಯ ಹಿಂಬಾಗಿಲಿನಲ್ಲಿ, ಹಿಡಿಕೆಯ ಕೆಳಗೆ ಗೇಣುದ್ದದ ಗೀರು. ಅದನ್ನು ಮಾಡಿದವನು ಗೀರಪ್ಪನೇ. ಒಂದೂವರೆ ವರ್ಷದ ಹಿಂದೆ ಗಾಡಿ ಹಿಂದಕ್ಕೆ ತೆಗೆಯುವಾಗ ನಲ್ಲಿಯ ಕಂಬಕ್ಕೆ ಉಜ್ಜಿಸಿಬಿಟ್ಟಿದ್ದ. ಮ್ಯಾನೇಜರು ಬಂದು ಬಗ್ಗಿ ನೋಡಿದರು. "ನಿನ್ನ ಸಂಬಳದಲ್ಲಿ ಹಿಡೀಲಾ, ಯಾವುದಾದ್ರೂ ಗಿರಾಕಿ ತಲೆಗೆ ಕಟ್ಲಾ? ನೀನೇ ಹೇಳು" ಎಂದರು. ಮಗಳ ಶಾಲೆಯ ಫೀಜು ಕಟ್ಟುವ ತಿಂಗಳು ಅದು. ಗೀರಪ್ಪ ಏನೂ ಹೇಳಲಿಲ್ಲ. ಮ್ಯಾನೇಜರಿಗೆ ಅಷ್ಟು ಸಾಕಾಗಿತ್ತು.

ಮೊದಲ ಗಿರಾಕಿ ಗೊಣಗಿಕೊಂಡು ತೆತ್ತು ಹೋದ ಮೇಲೆ ಬಾಗಿಲು ರಿಪೇರಿಗೆ ಹೋಗಬೇಕಿತ್ತು, ಹೋಗಲಿಲ್ಲ. ಮಾಡಿಸಿದರೆ ಖರ್ಚು, ಬಿಟ್ಟರೆ ವರಮಾನ. ಗಾಡಿ ಕೊಡುವಾಗ ಹಾಳೆಯಲ್ಲಿ ಆ ಜಾಗ ಖಾಲಿ, ವಾಪಸು ಬಂದಾಗ ಅಲ್ಲಿಗೇ ಕೆಂಪು ಸುತ್ತು. ಎಲ್ಲರ ಮೇಲೂ ನಡೆಯುವ ಆಟವಲ್ಲ ಇದು. ಅವಸರದವರು, ನಾಲ್ಕು ಜನರ ಮುಂದೆ ಜಗಳವಾಡಲು ನಾಚುವವರು, ವಯಸ್ಸಾದವರು, ಹೀಗೆ ಆಳು ನೋಡಿ ಆರಿಸಬೇಕು. ಗಾಡಿಯನ್ನು ಒದ್ದೆಯಿದ್ದಾಗಲೇ ಕೊಡಬೇಕು, ನೀರಿನ ಹೊಳಪಿನಲ್ಲಿ ಗೀರು ಕಾಣುವುದಿಲ್ಲ. ಎಡಮಗ್ಗುಲನ್ನು ಗೋಡೆಗೆ ಒತ್ತಿ ನಿಲ್ಲಿಸಬೇಕು. ಆರು ಜನ ಹೀಗೆ ತೆತ್ತಿದ್ದರು. ಏಳನೆಯವರು ಗಡಿಯಾರ ರಿಪೇರಿಯ ಯಜಮಾನರು.

ಅವರು ಹೆಂಡತಿಯ ಜೊತೆ ಬಂದಿದ್ದರು. ಬೇರೆ ಊರಿನಲ್ಲಿರುವ ಮಗಳಿಗೆ ಏಳು ತಿಂಗಳು, ಚೊಚ್ಚಲು. ಅವಳಿಗೆ ತೊಟ್ಟಿಲು, ಹಾಸಿಗೆ, ಹೊಲಿಗೆ ಮಿಷನ್ನು ಒಯ್ಯಬೇಕಿತ್ತು. ಬಸ್ಸಿನವರು ಹತ್ತಿಸಿಕೊಳ್ಳುವ ಸಾಮಾನಲ್ಲ. ಯಜಮಾನರು ಕರಾರು ಪತ್ರವನ್ನು ಮೊದಲಿನಿಂದ ಕೊನೆಯವರೆಗೂ ಓದಿದರು. ಇಲ್ಲಿ ಹಾಗೆ ಓದಿದವರನ್ನು ಕೌಂಟರಿನ ಹುಡುಗಿ ಅದೇ ಮೊದಲ ಸಲ ನೋಡಿದ್ದು.

"ಇನ್ನೊಂದು ವಿಮೆ ಇದೆ ಸಾರ್, ತಗೊಂಡ್ರೆ ನಿಶ್ಚಿಂತೆ" ಎಂದಳು ಅವಳು.

"ಬಾಡಿಗೇಲೇ ವಿಮೆ ಸೇರಿದೆ ಅಂತ ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಲ್ಲಮ್ಮ. ಒಂದು ತಲೆಗೆ ಎರಡು ಟೋಪಿ ಯಾಕೆ?"

"ದಾರಿ ತೋರಿಸೋ ಮಿಷನ್ನು?"

"ಅದು ನನ್ನ ಪಕ್ಕದಲ್ಲೇ ಕೂತಿರುತ್ತೆ" ಎಂದು ಹೆಂಡತಿಯ ಕಡೆ ನೋಡಿದರು. ಆಕೆ ಸೆರಗಿನ ಮರೆಯಲ್ಲಿ ನಕ್ಕರು. "ಪೆಟ್ರೋಲು ನಾನೇ ತುಂಬಿಸಿ ತರ್ತೀನಿ, ರಸೀದಿ ಸಮೇತ. ನೀವು ತುಂಬಿಸಿದ್ರೆ ಒಂದೂವರೆ ಪಟ್ಟು ಅಂತ ಇಲ್ಲಿ ಸಣ್ಣಕ್ಷರದಲ್ಲಿದೆ. ಹತ್ತು ಗಂಟೆ ದಾಟಿದ್ರೆ ಇನ್ನೊಂದು ದಿನದ ಬಾಡಿಗೆ ಅಂತಲೂ ಇದೆ. ಒಂಬತ್ತೂವರೆಗೇ ಬಂದುಬಿಡ್ತೀನಿ. ಉಳಿಸಿದ್ದೇ ಗಳಿಸಿದ್ದು, ಅಲ್ವೇನಮ್ಮ?"

ಅಂಗಳದಲ್ಲಿ ಬೂದು ಗಾಡಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಯಜಮಾನರು ಜೇಬಿನಿಂದ ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜನ್ನು ತೆಗೆದರು. "ಸ್ವಲ್ಪ ಒಣಗಲಿ. ಗೋಡೆಯಿಂದ ಈಚೆ ತೆಗೀರಪ್ಪ, ಆ ಕಡೆನೂ ನೋಡಿಬಿಡೋಣ" ಎಂದರು.

"ಹಿಂದೆ ಇನ್ನೂ ಮೂರು ಗಾಡಿ ಕಾಯ್ತಿವೆ ಸಾರ್. ಹೊಸ ಗಾಡಿ ಇದ್ದ ಹಾಗಿದೆ. ಇಲ್ಲೊಂದು ಸಹಿ ಹಾಕಿ ಸಾಕು" ಎಂದ ಗೀರಪ್ಪ, ದಿನವೂ ಹೇಳುವ ಮೆತ್ತಗಿನ ದನಿಯಲ್ಲಿ.

"ಬನ್ರೀ, ಹೊತ್ತಾಯ್ತು" ಎಂದರು ಹೆಂಡತಿ. "ಎಲ್ಲದಕ್ಕೂ ನಿಮ್ಮದೊಂದು ಪರೀಕ್ಷೆ. ಮಗಳು ಊಟಕ್ಕೆ ಕಾಯ್ತಿರ್ತಾಳೆ."

ಯಜಮಾನರು ಸಹಿ ಹಾಕಿದರು.

ಎರಡನೆಯ ದಿನ ಹೇಳಿದ ಹಾಗೆ ಒಂಬತ್ತೂವರೆಗೆ ಸರಿಯಾಗಿ ಗಾಡಿ ಬಂತು. ಟ್ಯಾಂಕು ಭರ್ತಿ, ರಸೀದಿ ಕೈಯಲ್ಲಿ, ಒಳಗೆ ಒಂದು ಕಸವಿಲ್ಲ. ಗೀರಪ್ಪ ಸುತ್ತು ಹಾಕಿ ಎಡಬಾಗಿಲ ಹತ್ತಿರ ನಿಂತ, ನಾಲಿಗೆಯಲ್ಲಿ ಲೊಚ್ ಎಂದ. ಬಾಡಿಗೆಯಲ್ಲಿ ಸೇರಿದ್ದ ವಿಮೆ ಗೀರಿಗೆ ನಡೆಯುವುದಿಲ್ಲ. ಹಾಕಬೇಕಾದ ದಂಡ ಮೂರು ದಿನದ ಬಾಡಿಗೆಗಿಂತ ಹೆಚ್ಚಿತ್ತು. ಕೊಟ್ಟಿದ್ದ ಡೆಪಾಸಿಟ್ಟು ಪೂರ್ತಿ ಹೋಗಿ ಮೇಲಷ್ಟು ಕಟ್ಟಬೇಕು.

ಯಜಮಾನರು ಗಾಜು ಸಿಕ್ಕಿಸಿಕೊಂಡು ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತರು. ಬಹಳ ಹೊತ್ತು ನೋಡಿದರು. "ಇದು ನಾನು ಮಾಡಿದ್ದಲ್ಲಪ್ಪ. ಗೀರಿನ ಅಂಚಲ್ಲಿ ತುಕ್ಕಿದೆ. ನಿನ್ನೆ ಮೊನ್ನೆಯ ಗೀರಿಗೆ ತುಕ್ಕು ಹಿಡಿಯಲ್ಲ."

ಆರು ಜನರಲ್ಲಿ ಯಾರೂ ತುಕ್ಕು ನೋಡಿರಲಿಲ್ಲ. ಗೀರಪ್ಪ ಬಗ್ಗಿ ಬಾಗಿಲನ್ನು ಇನ್ನೊಮ್ಮೆ ನೋಡಿದ. ಆಮೇಲೆ ಹೇಳಿದ, "ನಿಮಗೆ ಹಾಗೆ ಕಾಣುತ್ತೆ ಸಾರ್. ವಯಸ್ಸಾದ ಮೇಲೆ ಕಣ್ಣು ಹಾಗೇ. ಆ ಕಡೆ ಗೋಡೆಗೋ ಗೇಟಿಗೋ ತಾಗಿರುತ್ತೆ, ನಿಮಗೆ ಗೊತ್ತಾಗಿರಲ್ಲ."

"ಮಗಳ ಮನೆ ಗೇಟಲ್ಲಿ ತಿರುಗಿಸುವಾಗ್ಲೇ ಅಂದೆ ನಾನು" ಎಂದರು ಹೆಂಡತಿ. ಕಾಯುತ್ತಿದ್ದ ಗಿರಾಕಿಗಳು ಇತ್ತ ನೋಡುತ್ತಿದ್ದರು. ಆಕೆಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಡ್ರೈವರ್ ಇಟ್ಕೊಳ್ಳೋಣ ಅಂದ್ರೆ ಕೇಳ್ಲಿಲ್ಲ. ಕಾಸು ಕಾಸು ಉಳಿಸಿದ್ದು ಒಂದೇ ಏಟಿಗೆ ಹೋಯ್ತು. ಎದ್ದೇಳಿ, ನಾಲ್ಕು ಜನ ನೋಡ್ತಿದ್ದಾರೆ."

ಯಜಮಾನರು ಹೆಂಡತಿಯ ಮುಖ ನೋಡಿದರು, ಮತ್ತೆ ಗೀರು ನೋಡಿದರು. ಗಾಜನ್ನು ಜೇಬಿಗೆ ಹಾಕಿಕೊಂಡು ಎದ್ದರು. ಆಮೇಲೆ ಎರಡು ಸಲ ಒಬ್ಬರೇ ಆಫೀಸಿಗೆ ಬಂದು ಗಾಡಿಯನ್ನು ಇನ್ನೊಮ್ಮೆ ನೋಡಬೇಕೆಂದು ಕೇಳಿದರು. ಗಾಡಿ ಬಾಡಿಗೆಗೆ ಹೋಗಿದೆ ಎಂದು ಎರಡು ಸಲವೂ ಹೇಳಿ ಕಳಿಸಿದ್ದಾಯಿತು. ಮೂರನೆಯ ಸಲ ಅವರು ಬರಲಿಲ್ಲ. ಬಾಕಿ ಕಟ್ಟಬೇಕೆಂಬ ಕಾಗದ ಮಾತ್ರ ತಿಂಗಳಿಗೊಂದರಂತೆ ಅವರ ಮನೆಗೆ ಹೋಗುತ್ತಿತ್ತು.

ಐದು ತಿಂಗಳ ಮೇಲೆ ಒಂದು ಮಧ್ಯಾಹ್ನ ಆಕೆ ಒಬ್ಬರೇ ಬಂದರು. ಕೌಂಟರಿನಲ್ಲಿ ಕನ್ನಡಕದ ಗಿರಾಕಿಯೊಬ್ಬ ಸಹಿ ಹಾಕುತ್ತಿದ್ದ. ಗೀರಪ್ಪ ಹಾಳೆ ಹಿಡಿದು ಪಕ್ಕದಲ್ಲಿ ನಿಂತಿದ್ದ. ಆಕೆ ಒಂದು ಲಕೋಟೆಯನ್ನು ಕೌಂಟರಿನ ಮೇಲಿಟ್ಟರು.

"ನಮ್ಮನೆಯವರದ್ದು ಬಾಕಿ ಇತ್ತು. ಪೂರ್ತಿ ಇದೆ, ನೋಡ್ಕೊಳ್ಳಿ. ಸತ್ತೋರ ಹೆಸರಲ್ಲಿ ಕಾಗದ ಬರ್ತಾ ಇದ್ರೆ ಒಂಥರಾ ಆಗುತ್ತೆ."

ಕೌಂಟರಿನ ಹುಡುಗಿ ಲಕೋಟೆ ಮುಟ್ಟಲಿಲ್ಲ. "ಯಾವಾಗಮ್ಮ?" ಎಂದಳು.

"ಹದಿನೆಂಟು ದಿನ ಆಯ್ತು. ಮಧ್ಯಾಹ್ನ ಮಲಗಿದೋರು ಏಳ್ಲೇ ಇಲ್ಲ." ಆಕೆ ಗೀರಪ್ಪನನ್ನು ಗುರುತಿಸಿದರು. "ನೀವೇ ಅಲ್ವಾ ಅವತ್ತು ಸಮಾಧಾನವಾಗಿ ಹೇಳಿದೋರು, ವಯಸ್ಸಾದ ಮೇಲೆ ಕಣ್ಣು ಹಾಗೇ ಅಂತ? ನಾನೂ ಮನೆಗೆ ಹೋಗೋವರೆಗೂ ಅದನ್ನೇ ಹೇಳ್ದೆ. ಮಗಳೂ ಫೋನಲ್ಲಿ, ಇನ್ಮೇಲೆ ಗಾಡಿ ಮುಟ್ಟಬೇಡಿ ಅಪ್ಪ ಅಂದ್ಲು. ಮೊದಮೊದಲು ವಾದ ಮಾಡ್ತಿದ್ರು. ತುಕ್ಕು ನೋಡ್ದೆ ಕಣೇ, ನನ್ನ ಕಣ್ಣಾರೆ ನೋಡ್ದೆ ಅನ್ನೋರು. ಆಮೇಲೆ ಒಂದಿನ, ನೋಡಿದ್ನೋ ಇಲ್ವೋ ನನಗೂ ಗೊತ್ತಾಗ್ತಿಲ್ಲ ಅಂದ್ರು. ರಿಪೇರಿಗೆ ಬಂದಿದ್ದ ಗಡಿಯಾರಗಳನ್ನ ಹಾಗೇ ವಾಪಸು ಕೊಟ್ಟುಬಿಟ್ರು. ಕಾರಿನ ಬಾಗಿಲು ಕಾಣದೋನಿಗೆ ಕೂದಲಷ್ಟು ಸ್ಪ್ರಿಂಗು ಕಾಣುತ್ತಾ ಅಂತ. ನಲವತ್ತು ವರ್ಷ ಮಾಡಿದ ಕೆಲಸ. ಕೂತ ಕುರ್ಚಿಯಿಂದ ಏಳ್ತಿರ್ಲಿಲ್ಲ."

ಆಕೆ ದೂರು ಹೇಳುತ್ತಿರಲಿಲ್ಲ. ಆಗಿದ್ದನ್ನು ಆದ ಹಾಗೆ ಹೇಳುತ್ತಿದ್ದರು, ಅಷ್ಟೇ. ಗೀರಪ್ಪನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಬೈದಿದ್ದರೆ ಎದುರು ಮಾತಾಡುವ ಅಭ್ಯಾಸ ಅವನಿಗಿತ್ತು, ಹನ್ನೆರಡು ವರ್ಷ ಬೈಗುಳವನ್ನೇ ಉಂಡವನು. ಕಣ್ಣಿನ ಆ ಮಾತನ್ನು ಅವನು ಏಳು ಜನರಲ್ಲಿ ನಾಲ್ವರಿಗೆ ಹೇಳಿದ್ದ. ಹೇಳಿ ಮರೆತೂ ಬಿಟ್ಟಿದ್ದ.

"ಲಕೋಟೆ ವಾಪಸು ತಗೊಳ್ಳಿ ಅಮ್ಮ" ಎಂದ.

"ಯಾಕಪ್ಪ?"

"ಆ ಗೀರು ಯಜಮಾನ್ರು ಮಾಡಿದ್ದಲ್ಲ. ನಾನು ಮಾಡಿದ್ದು. ಅವರು ಗಾಡಿ ತಗೊಳ್ಳೋಕೆ ಮುಂಚೆ ಒಂದೂವರೆ ವರ್ಷದಿಂದ ಇತ್ತು. ಅವರು ನೋಡಿದ್ದು ತುಕ್ಕೇ."

ಕನ್ನಡಕದ ಗಿರಾಕಿ ಪೆನ್ನು ಕೆಳಗಿಟ್ಟು ತನ್ನ ಗಾಡಿ ನೋಡಲು ಹಿಂದಿನ ಅಂಗಳಕ್ಕೆ ಹೋದ. ಆಕೆ ಕೌಂಟರಿನ ಅಂಚು ಹಿಡಿದುಕೊಂಡರು.

"ಅವರು ಅವತ್ತು ಅಷ್ಟು ಹೇಳಿದಾಗ ಸುಮ್ನಿದ್ರಲ್ಲ ನೀವು" ಎಂದರು.

"ಹೌದಮ್ಮ, ಸುಮ್ನಿದ್ದೆ. ಹೇಳಿದ್ರೆ ನನ್ನ ಸಂಬಳದಲ್ಲಿ ಹಿಡೀತಿದ್ರು."

"ನೀವು ಹೊರಗಿನೋರು" ಎಂದರು ಆಕೆ, ತಮಗೇ ಹೇಳಿಕೊಳ್ಳುವಂತೆ. "ನಾನು ಕಟ್ಕೊಂಡೋಳು. ನಲವತ್ತೊಂದು ವರ್ಷ ಸಂಸಾರ ಮಾಡ್ದೆ, ಒಂದು ಸುಳ್ಳು ಹೇಳಿದ್ದು ಗೊತ್ತಿಲ್ಲ ಅವರು. ಆದ್ರೂ ನಾನು ನಂಬಿದ್ದು ನಿಮ್ಮನ್ನ."

ಮಾತು ಕೇಳಿ ಮ್ಯಾನೇಜರು ಒಳಕೋಣೆಯಿಂದ ಬಂದರು. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಬಾಕಿ ಬಿಟ್ಟುಬಿಡುವುದಾಗಿ ಹೇಳಿ, ಗೀರಪ್ಪನನ್ನು ಬಾಗಿಲ ಹಿಂದಕ್ಕೆ ಕರೆದರು. ಅವರು ಕೂಗಾಡಲಿಲ್ಲ.

"ಬಾಕಿ ಬೇಡ, ಡೆಪಾಸಿಟ್ಟೂ ವಾಪಸು ಕೊಡೋಣ. ಮನುಷ್ಯತ್ವ ನನಗೂ ಇದೆ. ಆದ್ರೆ ಗಿರಾಕಿ ಮುಂದೆ ಇಂಥ ಮಾತು ಆಡಬೇಡ. ಎದುರು ರಸ್ತೆಯೋರು ನಮಗಿಂತ ಕಡಿಮೆ ಬಾಡಿಗೆ ಬರೆದ್ರೆ ನಾವು ಅದಕ್ಕಿಂತ ಕಡಿಮೆ ಬರೀಬೇಕು. ಮಿಕ್ಕಿದ್ದು ಇಂಥದ್ರಲ್ಲೇ ಹುಟ್ಟಬೇಕು. ನಿನ್ನ ಸಂಬಳ ಇಷ್ಟು ವರ್ಷ ಎಲ್ಲಿಂದ ಬಂತು ಅಂದ್ಕೊಂಡೆ?"

"ಗೊತ್ತು ಸಾರ್. ಅದಕ್ಕೇ ಇಷ್ಟು ವರ್ಷ ಸುಮ್ನಿದ್ದೆ."

"ಹಾಗಾದ್ರೆ ಇನ್ನೂ ಸ್ವಲ್ಪ ಸುಮ್ನಿರು."

ಗೀರಪ್ಪ ಹೊರಗೆ ಬಂದಾಗ ಆಕೆ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ದುಡ್ಡು ಬಿಟ್ಟಿದ್ದಕ್ಕೆ ಸಂತೋಷ" ಎಂದರು. "ಆದ್ರೆ ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲಪ್ಪ. ಅವರಿಗೆ ಕಣ್ಣು ಹೋಗಿದೆ ಅಂತ ಬಂಧು ಬಳಗ, ಬೀದಿಯೋರು, ಎಲ್ಲರ ಹತ್ರಾನೂ ಹೇಳಿದ್ದೀನಿ. ನೀವು ಈಗ ಹೇಳಿದ್ದನ್ನ ಒಂದು ಕಾಗದದಲ್ಲಿ ಬರೆದುಕೊಡ್ತೀರಾ?"

ಬಾಗಿಲಲ್ಲಿ ಮ್ಯಾನೇಜರು ನಿಂತು ನೋಡುತ್ತಿದ್ದರು. ಗೀರಪ್ಪನಿಗೆ ನಲವತ್ತೇಳು ವರ್ಷ. ಇನ್ನೊಂದು ಕೆಲಸ ಗೊತ್ತಿಲ್ಲ. ಮಗಳ ಓದು ಇನ್ನೂ ಮೂರು ವರ್ಷವಿದೆ. ಇದೆಲ್ಲ ಅವನ ತಲೆಯಲ್ಲಿ ಹಾದುಹೋಯಿತು. ಆದರೂ ಕೈಯಲ್ಲಿದ್ದ ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಬರೆದ. ಬೂದು ಗಾಡಿಯ ಎಡಬಾಗಿಲ ಗೀರು ತನ್ನಿಂದ ಆದದ್ದು, ಅದಕ್ಕಾಗಿ ಏಳು ಜನರಿಂದ ಹಣ ಪಡೆದದ್ದು, ಗಡಿಯಾರ ರಿಪೇರಿಯ ಯಜಮಾನರು ಹೇಳಿದ್ದು ಅಕ್ಷರಶಃ ನಿಜವೆಂಬುದು. ಕೆಳಗೆ ತನ್ನ ನಿಜವಾದ ಹೆಸರು ಬರೆದು ಸಹಿ ಹಾಕಿದ. ಕೌಂಟರಿನ ಹುಡುಗಿ ಮ್ಯಾನೇಜರ ಮುಖ ನೋಡದೆ ಅದರ ಮೇಲೆ ಆಫೀಸಿನ ಮೊಹರು ಒತ್ತಿದಳು.

"ನಾಳೆಯಿಂದ ಬರೋದು ಬೇಡ" ಎಂದರು ಮ್ಯಾನೇಜರು. "ಸರಿ ಸಾರ್" ಎಂದ ಗೀರಪ್ಪ.

ಆಕೆ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಮಗಳಿಗೆ ಫೋನು ಹಚ್ಚಿ, "ಇಲ್ಲೊಬ್ಬರು ಅಪ್ಪನ ವಿಷಯ ಏನೋ ಹೇಳ್ತಾರೆ, ಕೇಳಿಸ್ಕೋ" ಎಂದು ಗೀರಪ್ಪನ ಕೈಗೆ ಕೊಟ್ಟರು. "ನನ್ನ ಬಾಯಲ್ಲಿ ಬರಲ್ಲಪ್ಪ. ನೀವೇ ಹೇಳಿ."

ಅವನು ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದ. ತಾನು ಯಾರು, ಗೀರು ಯಾರದು, ಅವತ್ತು ಕಣ್ಣಿನ ಮಾತು ಏಕೆ ಆಡಿದೆ, ಒಂದನ್ನೂ ಬಿಡಲಿಲ್ಲ. "ನಿಮ್ಮ ತಂದೆಯವರ ಕಣ್ಣು ಸರಿಯಾಗೇ ಇತ್ತಮ್ಮ" ಎಂದು ಮುಗಿಸಿದ.

ಆ ಕಡೆ ಎಲ್ಲೋ ಹತ್ತಿರದಲ್ಲಿ ಕೂಸು ಕುಂಯ್‌ಗುಡುತ್ತಿದ್ದುದು ಕೇಳಿಸಿತು.

"ಮಗು ಹುಟ್ಟಿದಾಗ ಅಪ್ಪ ಬಂದಿದ್ರು" ಎಂದಳು ಮಗಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹತ್ತು ದಿನ ಇದ್ರು. ತೊಟ್ಟಿಲ ಪಕ್ಕ ಕೂತು ನೋಡ್ತಾನೇ ಇರೋರು. ಒಂದು ಸಲಾನೂ ಎತ್ಕೊಳ್ಲಿಲ್ಲ. ಕೊಡೋಕೆ ಹೋದ್ರೆ ಕೈ ಹಿಂದಕ್ಕೆ ಕಟ್ಕೊಳ್ಳೋರು. ನನ್ನ ಕಣ್ಣು ನಂಬೋ ಹಾಗಿಲ್ಲ ಮಗಳೇ, ಎಲ್ಲಿಗಾದ್ರೂ ತಾಗಿಸಿಬಿಡ್ತೀನಿ ಅನ್ನೋರು. ಅದು ನೆಪ, ಹೆಣ್ಣು ಮಗು ಅಂತ ಬೇಜಾರೇನೋ ಅಂದ್ಕೊಂಡು ನಾನು ಅವರ ಜೊತೆ ಮಾತು ಬಿಟ್ಟಿದ್ದೆ."

ಗೀರಪ್ಪ ಫೋನು ಕಿವಿಗೆ ಹಿಡಿದೇ ನಿಂತಿದ್ದ. ಕ್ಷಮಿಸಿ ಎಂಬ ಮಾತು ಗಂಟಲವರೆಗೂ ಬಂದಿತ್ತು. ಅದನ್ನು ಯಾರಿಗೆ ಹೇಳಬೇಕಿತ್ತೋ ಅವರು ಹೋಗಿ ಹದಿನೆಂಟು ದಿನವಾಗಿತ್ತು.