ರಿಪೇರಿ ಮಾಡಿದವರದ್ದೇ ಡಬ್ಬಿ

ಆ ರಿಪೇರಿ ಅಂಗಡಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಇದ್ದದ್ದು ಒಂದೇ ಕಾನೂನು. ಗಿರಾಕಿಗಳು ರಿಪೇರಿಗೆ ಕೊಟ್ಟ ಸಾಮಾನಿನ ಮಾತು ಬೇರೆ. ಯಾರೋ ಬೇಡವೆಂದು ಬಿಸಾಕಿದ್ದನ್ನು ಯಾರು ರಿಪೇರಿ ಮಾಡುತ್ತಾರೋ ಅದು ಅವರದ್ದು. ಅಲ್ಲಿದ್ದದ್ದು ಅಜ್ಜಿ, ಅವರ ಮೊಮ್ಮಗಳು, ಅವಳ ಸೋದರಮಾವ. ಫ್ಯಾನು ಮಾವನದು, ಕುರ್ಚಿ ಅಜ್ಜಿಯದು. ಕೂರಬೇಕಾದರೆ ಮಾವ ಅಜ್ಜಿಯನ್ನು ಕೇಳಬೇಕು, ಸೆಕೆಯಾದರೆ ಅಜ್ಜಿ ಮಾವನನ್ನು ಕೇಳಬೇಕು. ಇಬ್ಬರೂ ಒಂದು ದಿನವೂ ಇಲ್ಲ ಎಂದವರಲ್ಲ, ಕೇಳಿಸಿಕೊಳ್ಳುವುದರಲ್ಲೇ ಅವರಿಗೆ ಸುಖ. ಏಳು ವರ್ಷದ ಮೊಮ್ಮಗಳು ಹಿಡಿದದ್ದನ್ನು ಬಿಡುವವಳಲ್ಲವೆಂದು ಅಜ್ಜಿ ಅವಳನ್ನು ಇಕ್ಕಳ ಎಂದು ಕರೆಯುತ್ತಿದ್ದರು. ಶಾಲೆಯಲ್ಲೂ ಅದೇ ಹೆಸರು ನಿಂತಿತ್ತು.

ಹೀಗಿರುವಾಗ, ಪಕ್ಕದಲ್ಲಿ ಕೂರುವ ಡಾಕ್ಟರ ಮಗಳು ಮುಚ್ಚಳ ಕಿತ್ತುಬಂದ ಪೆನ್ಸಿಲ್ ಡಬ್ಬಿಯನ್ನು ಸಿಟ್ಟಿನಿಂದ ಕಸದ ಬುಟ್ಟಿಗೆ ಎಸೆದರೆ ಇಕ್ಕಳ ಸುಮ್ಮನಿರುತ್ತಾಳೆಯೇ? ಮನೆಗೆ ತಂದು, ತಂತಿ ಬಗ್ಗಿಸಿ ಮುಚ್ಚಳದ ಕೀಲಿನ ತೂತುಗಳಿಗೆ ತೂರಿಸಿದಳು. ಎರಡು ಸಂಜೆ ಹಿಡಿಯಿತು, ಹೆಬ್ಬೆರಳಿಗೆ ಗಾಯವಾಯಿತು. ಕೊನೆಗೂ ಡಬ್ಬಿ ಟಕ್ ಎಂದು ಮುಚ್ಚಿಕೊಂಡಿತು.

"ಅದು ನಂದು!" ಮರುದಿನ ಡಾಕ್ಟರ ಮಗಳು ತರಗತಿಯ ಸೂರು ಹಾರಿಹೋಗುವಂತೆ ಕಿರುಚಿದಳು. "ನಮ್ಮಪ್ಪ ನಂಗೆ ಅಂತ ತಂದಿದ್ದು. ಕಳ್ಳಿ!"

"ನೀನು ಬಿಸಾಕಿದ್ದೆ, ನಾನು ಸರಿ ಮಾಡ್ದೆ. ಈಗ ನಂದು."

ಟೀಚರ್ ಹೊಸಬರು. ಯಾರದ್ದು ಸರಿ ಎಂದು ಮಕ್ಕಳನ್ನೇ ಕೇಳಿ ಕೈ ಸುಟ್ಟುಕೊಂಡರು. ಬಸ್ ಕಂಡಕ್ಟರ ಮಗ, "ಮೊದಲು ಹಿಡಿದವರದ್ದೇ ಸೀಟು" ಎಂದ. ಅವಳಿ ಅಕ್ಕತಂಗಿಯರು, ಒಬ್ಬಳಿಗೆ ಡಬ್ಬಿ, ಒಬ್ಬಳಿಗೆ ಮುಚ್ಚಳ ಎಂದರು. ಮನೆಯ ಐದು ಮಕ್ಕಳಲ್ಲಿ ಕೊನೆಯವಳಾದ ಒಬ್ಬಳು, "ಯಾರು ಜೋರಾಗಿ ಅಳ್ತಾರೋ ಅವರಿಗೇ ಕೊಡ್ಬೇಕು" ಎಂದಳು. ಅದು ಅನುಭವದ ಮಾತು. ಟೀಚರ್ ತಲೆ ಹಿಡಿದುಕೊಂಡು, "ನೀವಿಬ್ರೇ ಬಗೆಹರಿಸ್ಕೊಳ್ಳಿ" ಎಂದುಬಿಟ್ಟರು.

ಡಾಕ್ಟರ ಮಗಳು ಬೆನ್ನು ತಿರುಗಿಸಿ ಕೂತಳು. ಇಡೀ ಶಾಲೆಯಲ್ಲಿ ತನ್ನ ಗೆಳತಿ ಎಂದು ಇಕ್ಕಳ ಹೇಳಿಕೊಳ್ಳಬಹುದಾದವಳು ಅವಳೊಬ್ಬಳೇ. ಡಬ್ಬಿ ಕೊಟ್ಟುಬಿಟ್ಟರೆ ಗೆಳತಿ ಉಳಿಯುತ್ತಾಳೆ, ಆದರೆ ಕದ್ದೆನೆಂದು ಒಪ್ಪಿಕೊಂಡಂತಾಗುತ್ತದೆ. ಸಂಜೆ ಅಂಗಡಿಗೆ ಬಂದವಳೇ ನಡೆದದ್ದನ್ನೆಲ್ಲ ಅಜ್ಜಿಯ ಮುಂದೆ ಒದರಿದಳು.

"ಅಜ್ಜಿ, ಅವಳದ್ದೇ ತಪ್ಪು ಅಲ್ವಾ?"

"ಅವರ ಮನೇಲಿ ಒಬ್ಬರಿಗೆ ಅಂತ ತಂದಿದ್ದು ಕೊನೇವರೆಗೂ ಅವರದ್ದೇ ಇರ್ಬೇಕು ಕಣೇ. ಅವಳು ಅದನ್ನೇ ನೋಡ್ಕೊಂಡು ಬೆಳೆದಿದ್ದಾಳೆ."

"ಹಾಗಾದ್ರೆ ಯಾರದ್ದು ಸರಿ?"

"ನಂಗೇನು ಗೊತ್ತು? ನಾನು ಸ್ಟವ್ ರಿಪೇರಿ ಮಾಡೋಳು," ಎಂದು ಅಜ್ಜಿ ಬರ್ನರ್ ಊದತೊಡಗಿದರು.

ಮರುದಿನ ಇಕ್ಕಳ ಗೆಳತಿಯ ಮುಂದೆ ಡಬ್ಬಿ ಇಟ್ಟು, ತಾನು ತೂರಿಸಿದ್ದ ತಂತಿಯನ್ನು ತಾನೇ ಎಳೆದು ತೆಗೆದಳು. ಮುಚ್ಚಳ ಕಳಚಿ ಬಿತ್ತು.

"ತಗೋ. ನೀನು ಬಿಸಾಕಿದ ಹಾಗೇ ಇದೆ."

"ಮುರಿದಿದ್ದು ನಂಗ್ಯಾಕೆ?"

"ನೀನೇ ಸರಿ ಮಾಡು, ನಾನು ಹೇಳ್ಕೊಡ್ತೀನಿ. ಆಗ ನಮ್ಮನೆ ಲೆಕ್ಕದಲ್ಲೂ ನಿಂದೇ."

ಡಾಕ್ಟರ ಮಗಳು ಮೂತಿ ಉಬ್ಬಿಸಿಕೊಂಡೇ ಶುರು ಮಾಡಿದಳು. ತಂತಿ ಮೂರು ಸಲ ಜಾರಿತು. ನಾಲ್ಕನೆಯ ಸಲ ನಾಲಿಗೆ ಕಚ್ಚಿಕೊಂಡು ತೂರಿಸಿದಳು. ಬಿಡುವಿನ ಗಂಟೆ ಹೊಡೆದದ್ದು ಇಬ್ಬರಿಗೂ ಕೇಳಿಸಲಿಲ್ಲ. ಮುಚ್ಚಳ ಸೊಟ್ಟಗೆ ಕೂತರೂ ಕೂತಿತು. ಇಪ್ಪತ್ತು ಸಲ ತೆಗೆದು ಮುಚ್ಚಿ, ಕಂಡವರಿಗೆಲ್ಲ ತೋರಿಸಿ, "ನಾನೇ ಮಾಡಿದ್ದು!" ಎಂದಳು. ಅಪ್ಪ ತಂದ ದಿನವೂ ಅವಳು ಅಷ್ಟು ಕುಣಿದಿರಲಿಲ್ಲ.

ಆಮೇಲೆ ಬೆಂಚಿನ ಮೇಲೆ ಇತ್ತ ಸರಿದು ಕೂತಳು.

"ಕಳ್ಳಿ ಅಂದಿದ್ದು ತಪ್ಪಾಯ್ತು. ನಿನ್ನ ಪೆನ್ಸಿಲ್ಲೂ ಇದ್ರಲ್ಲೇ ಇಡು," ಎಂದಳು. ಇಕ್ಕಳ ಇಟ್ಟು ಮುಚ್ಚಳಕ್ಕೆ ಕೈ ಹಾಕಿದಳೋ ಇಲ್ಲವೋ, ಅವಳ ಕೈ ಮೇಲೆ ಪಟ್ಟನೆ ಒಂದು ಏಟು ಬಿತ್ತು.

"ಮುಚ್ಚೋದು ಮಾತ್ರ ನಾನೇ!"