ಮುಸುಕು ಹಾಕಿದ ಮಗ್ಗ

ಪುಕ್ಕಟೆಯಾಗಿ ಯಾರಾದರೂ ಸಾಯುವವರ ಪಕ್ಕ ಬಂದು ಕೂರುತ್ತಾರಾ? ನನ್ನ ಕಿವಿಗೆ ಹೂವಿಡುವುದು ಅಷ್ಟು ಸುಲಭವಲ್ಲ.

ಎರಡು ಸಾವಿರದ ಎರಡನೇ ಇಸವಿ. ಅಪ್ಪ ಗಾದ್ರಪ್ಪನಿಗೆ ಗಂಟಲ ಕ್ಯಾನ್ಸರ್. ದೊಡ್ಡಾಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಮೊಳಕಾಲ್ಮುರಿನ ನಮ್ಮ ಚಿಕ್ಕ ಮನೆಯಲ್ಲಿ ಮಗ್ಗದ ಪಕ್ಕವೇ ಅವನ ಮಂಚ. ಆಗ ಚಳ್ಳಕೆರೆಯ ಯಾವುದೋ ಸೇವಾ ಸಂಘದಿಂದ ಶಶಿರೇಖಾ ಎಂಬ ಹೆಂಗಸು ಬರತೊಡಗಿದಳು. ಮಂಗಳವಾರ, ಶುಕ್ರವಾರ ಬಸ್ಸಿಳಿದು ಬಂದು ಅಪ್ಪನ ತುಟಿ ಒರೆಸಿ, ಅವನ ಬಾಯಿಗೆ ಕಿವಿಯಿಟ್ಟು ಕೂರುವಳು. ಕಾಫಿ ಕೊಟ್ಟರೂ ಬೇಡ.

"ಸಂಘದೋರು ಏನ್ ಕೊಡ್ತಾರಕ್ಕ ನಿಮ್ಗೆ?" ಎಂದು ಕೇಳಿದೆ.

"ಏನೂ ಇಲ್ಲಣ್ಣ. ಬಸ್ ಚಾರ್ಜೂ ನಂದೇ. ನಾನು ಬ್ಲೌಸ್ ಹೊಲೀತೀನಿ, ಸೀರೆ ಅಂಗಡಿ ಪಕ್ಕಾನೇ ನನ್ ಮಿಷನ್ನು."

ಸೀರೆ ಅಂಗಡಿ! ಅಲ್ಲಿಗೆ ಎಲ್ಲಾ ಹೊಳೆಯಿತು. ಕಣ್ಣಿಗೆ ಪೊರೆ ಬರುವ ಮುಂಚೆ ಅಪ್ಪ ತಾನೇ ಬರೆದ ಜಿಂಕೆ ಅಂಚಿನ ಸೀರೆ ನನ್ನ ಮಗ್ಗದ ಮೇಲಿತ್ತು. ಅಂಥ ಅಂಚು ಊರಲ್ಲಿ ಇನ್ನೊಂದಿಲ್ಲ. ಅಂಚಿನ ನಕ್ಷೆ ಕದಿಯಲು ನೆಂಟಸ್ತನ ಬೆಳೆಸಿದವರೂ ನಮ್ಮೂರಲ್ಲಿದ್ದಾರೆ. ಇವಳೋ, ಹೋಗುವಾಗ ಪ್ರತಿಸಲ ಮಗ್ಗದ ಮೇಲೆ ಬಗ್ಗಿ ಗೇಣು ಹಾಕಿ ಅಳೆಯುವಳು.

"ಸೆರಗು ಯಾವಾಗ ಬರ್ತೈತೆ ಪಾಲಾಕ್ಷಣ್ಣ?" ಎಂದು ಅವಳು ಕೇಳಿದ ಶುಕ್ರವಾರ ನನ್ನ ಮೈಯೆಲ್ಲಾ ಉರಿದುಹೋಯಿತು. ಅಂಚು ಸಾಲದೆ ಸೆರಗೂ ಬೇಕೇನೋ ಮಹಾತಾಯಿಗೆ!

ಅವತ್ತೇ ಮಗ್ಗಕ್ಕೆ ದುಪ್ಪಟಿ ಹೊದಿಸಿ ಹಗ್ಗ ಬಿಗಿದೆ. ಇವಳ ಕಾಟ ತಪ್ಪುವ ತನಕ ಬಿಚ್ಚುವುದಿಲ್ಲವೆಂದು ಹಿಂದಿನ ಬೀದಿಯ ನೇಕಾರ ಜಂಪಣ್ಣನ ಮನೆಗೆ ಕೂಲಿ ನೇಯಲು ಹೋದೆ. ಗಂಜಿ ಕುಡಿಸಲು ಹೆಂಡತಿ ಇದ್ದಳು. ಅಪ್ಪ ನನ್ನನ್ನು ಕಂಡಾಗಲೆಲ್ಲ ಏನೋ ಉಸುರುತ್ತಿದ್ದ. ಕಿವಿಗೊಟ್ಟು ಕೂರುವ ವ್ಯವಧಾನ ನನಗೆಲ್ಲಿತ್ತು?

ಮುಂದಿನ ಶುಕ್ರವಾರ, ಕಳ್ಳಿಯನ್ನು ಹಿಡಿದೇಬಿಡೋಣವೆಂದು ಮಧ್ಯಾಹ್ನವೇ ಬಂದು ಬಾಗಿಲ ಮರೆಯಲ್ಲಿ ನಿಂತೆ.

"ಸೆರಗು ಶುರುವಾಗೈತೆ ಯಜಮಾನ್ರೆ," ಎನ್ನುತ್ತಿದ್ದಳು ಶಶಿರೇಖಾ. "ಇನ್ನೊಂದ್ ಮೊಳ, ಅಷ್ಟೇ."

"ಸದ್ದೇ ಇಲ್ವಲ್ಲವ್ವಾ," ಎಂದಿತು ಅಪ್ಪನ ಗೊಗ್ಗರು ದನಿ. "ವಾರ ಆತು."

"ನೀವು ನಿದ್ದೆ ಹೋದಾಗ ನೇಯ್ತಾರೆ."

"ಸುಳ್ಳು ಹೇಳ್ಬ್ಯಾಡ. ನೇಯೋದು ಬಿಟ್ಟವ್ನೆ ಅವ್ನು. ನಂದು ಅಂತ ಇದ್ದಿದ್ದು ಅದೊಂದೇ ಸೀರೆ. ಅದು ಮಗ್ಗದಿಂದ ಇಳಿಯೋಗಂಟ ಜೀವ ಹಿಡ್ಕಂಡಿರಾಣ ಅಂತಿದ್ದೆ. ಇನ್ಯಾಕೆ ಹಿಡ್ಕಳ್ಳಿ?"

ಅಯ್ಯೋ ಪಾಪಿ ನಾನು! ಕಣ್ಣು ಕಾಣದ ಅಪ್ಪನಿಗೆ ಸೀರೆ ಎಷ್ಟಾಯಿತೆಂದು ಹೇಳಲು ಅವಳು ಗೇಣು ಹಾಕುತ್ತಿದ್ದಳು. ಒಳಗೆ ನುಗ್ಗಿ ಹಗ್ಗ ಕಿತ್ತೆಸೆದು ಮಗ್ಗದ ಗುಣಿಗೆ ಇಳಿದೆ. "ನೇಯ್ತಿದೀನಿ ಕಣಪ್ಪಾ, ಕೇಳ್ತೈತಾ?" ಎಂದು ಅಳುತ್ತಲೇ ಲಾಳಿ ಎಸೆದೆ. ಶಶಿರೇಖಾ ಅವತ್ತು ಸಂಜೆ ಬಸ್ಸಿಗೆ ಹೋಗಲಿಲ್ಲ. ಮೂಡಿದ ಒಂದೊಂದು ಜಿಂಕೆಯನ್ನೂ ಅಪ್ಪನ ಕಿವಿಯಲ್ಲಿ ಹೇಳುತ್ತಾ ಕೂತಳು.

ಸೋಮವಾರ ಬೆಳಿಗ್ಗೆ ಅಪ್ಪ ಹೋದ. ಸೆರಗು ಅರ್ಧವೂ ಆಗಿರಲಿಲ್ಲ. ಇನ್ನೊಂದು ವಾರದ ಕೆಲಸ ಉಳಿದಿತ್ತು. ಆ ವಾರವನ್ನು ಅಪ್ಪನಿಂದ ಕದ್ದವನು ನಾನೇ.